ತೂತಿಲ್ಲದ ಬಟ್ಟಲಿಗೆ ಯಾವ ಗಿಡ ಚೆನ್ನ?

ಮದುವೆ, ಗೃಹಪ್ರವೇಶ ಅಂದ್ರೆ ಮುಯ್ಯಿಗೆ ಈಗ ಸ್ಟೀಲ್ ಪಾತ್ರೆಗಿಂತ ಪಿಂಗಾಣಿ ಬೌಲು, ಗಾಜಿನ ಬಟ್ಟಲು, ಪುಟ್ಟ ಹಿತ್ತಾಳೆ ಉರುಳಿಗಳೇ ಜಾಸ್ತಿ. ಮನೆಗೆ ಬಂದ ಮೇಲೆ ಅವನ್ನು ಏನು ಮಾಡೋದು? ಅಡುಗೆಗೆ ಆಗಲ್ಲ, ಊಟಕ್ಕೆ ಬರಲ್ಲ. ಶೋಕೇಸಿನಲ್ಲಿಟ್ಟರೆ ದೂಳು. 'ಒಂದು ಗಿಡನಾದ್ರೂ ಹಾಕೋಣ' ಅಂತ ಹಿತ್ತಲಿನ ಮಣ್ಣು ತುಂಬಿ, ಇಷ್ಟದ ಗಿಡ ನೆಟ್ಟು, ದಿನಾ ಬೆಳಿಗ್ಗೆ ತಪ್ಪದೆ ನೀರು ಹಾಕ್ತೀರಿ. ಮೊದಲ ವಾರ ಗಿಡ ನಗ್ತಾ ಇರುತ್ತೆ. ಎರಡನೇ ವಾರ ಎಲೆ ಹಳದಿಯಾಗುತ್ತೆ. ಬಾಡಿತಲ್ಲಾ ಅಂತ ಇನ್ನೂ ಒಂದು ಚೊಂಬು ನೀರು. ತಿಂಗಳಾಗೋದ್ರೊಳಗೆ ಬುಡ ಮೆತ್ತಗಾಗಿ, ಮಣ್ಣು ಮುಗ್ಗಲು ವಾಸನೆ ಬಂದು, ಗಿಡ ಕೈಗೇ ಕಿತ್ತು ಬರುತ್ತೆ.

ಆಗ ಮನೆಯಲ್ಲಿ ಯಾರಾದರೂ ಒಂದು ಮಾತು ಆಡಿಯೇ ಆಡ್ತಾರೆ: 'ನಿನ್ನ ಕೈಗುಣ ಸರಿ ಇಲ್ಲ ಬಿಡು.' ಹೊಸದಾಗಿ ಬಂದ ಸೊಸೆಯಾದರಂತೂ ಈ ಮಾತು ಮನಸ್ಸಿನಲ್ಲಿ ಮುಳ್ಳಾಗಿ ಉಳಿದುಬಿಡುತ್ತೆ. ಎಷ್ಟೋ ಹೆಣ್ಣುಮಕ್ಕಳು ಒಂದೆರಡು ಗಿಡ ಸತ್ತ ಮೇಲೆ ಕೈತೋಟದ ಆಸೆಯನ್ನೇ ಕೈಬಿಟ್ಟಿದ್ದಾರೆ. ಆದರೆ ನಿಜ ಹೇಳಬೇಕೆಂದರೆ ಇದರಲ್ಲಿ ಕೈಗುಣದ ಪಾತ್ರ ಏನೂ ಇಲ್ಲ. ಇರೋದೆಲ್ಲ ಬಟ್ಟಲಿನ ಗುಣ. ಆ ಬಟ್ಟಲಿಗೆ ತಳದಲ್ಲಿ ತೂತಿಲ್ಲ ಅಷ್ಟೆ! ತೂತಿಲ್ಲದ ಬಟ್ಟಲಿಗೆ ತಕ್ಕ ಗಿಡ ಆರಿಸಿಕೊಂಡರೆ ಅದೇ ಬಟ್ಟಲಿನಲ್ಲಿ ಹಸಿರು ನಗುತ್ತೆ.

ಬೇರಿಗೂ ಉಸಿರು ಬೇಕು

ನಮ್ಮ ಹರವೆ ಸುತ್ತಮುತ್ತ, ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅರಿಶಿನ ಬೆಳೆಯೋ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಿಶಿನದ ಹೊಲದಲ್ಲಿ ನೀರು ನಿಂತರೆ ಏನಾಗುತ್ತೆ? ಗೆಡ್ಡೆ ಕೊಳೆ ರೋಗ. ಅದಕ್ಕೇ ರೈತರು ಏರುಮಡಿ ಮಾಡಿ, ಬದಿಯಲ್ಲಿ ಬಸಿಗಾಲುವೆ ತೆಗೆದು ನೀರು ಹೊರಗೆ ಹೋಗೋ ದಾರಿ ಮಾಡ್ತಾರೆ. ಸಾಂಬಾರ್ ಈರುಳ್ಳಿಗೂ ಇದೇ ಕಥೆ. ಹೊಲದಲ್ಲಿ ನಡೆಯೋದೇ ನಿಮ್ಮ ಟೀಪಾಯಿ ಮೇಲಿನ ಬಟ್ಟಲಲ್ಲೂ ನಡೆಯುತ್ತೆ.

ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಆ ಸಂದಿನಲ್ಲಿರೋ ಗಾಳಿಯಿಂದಲೇ ಬೇರು ಉಸಿರಾಡೋದು. ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತೆ. ಸೋತ ಬೇರಿಗೆ ಕೊಳೆ ತರುವ ಶಿಲೀಂಧ್ರದಂಥ ಜೀವಿಗಳು ಬೇಗ ಅಂಟಿಕೊಳ್ಳುತ್ತವೆ. ಬೇರು ಕೊಳೆತರೆ ಅದು ನೀರು ಹೀರೋದನ್ನೇ ನಿಲ್ಲಿಸುತ್ತೆ. ಆದ್ದರಿಂದಲೇ ಮಣ್ಣು ತೊಪ್ಪೆಯಾಗಿದ್ದರೂ ಎಲೆ ಮಾತ್ರ ಬಾಡಿದಂತೆ ಕಾಣೋದು. ನಾವು ಬಾಯಾರಿಕೆ ಅಂದುಕೊಂಡು ಮತ್ತೆ ನೀರು ಸುರೀತೀವಿ!

ತಳಕ್ಕೆ ಜಲ್ಲಿ ಹಾಕಿದ್ರೆ ಸಾಕಾ?

'ತಳದಲ್ಲಿ ಒಂದಿಂಚು ಜಲ್ಲಿಕಲ್ಲು ಹಾಕಿಬಿಡಿ, ನೀರು ಬಸಿದುಹೋಗುತ್ತೆ' ಅಂತ ಅನೇಕರು ಸಲಹೆ ಕೊಡ್ತಾರೆ. ಕೇಳೋಕೆ ಸರಿಯಾಗೇ ಇದೆ. ಆದರೆ ನೀರು ಹಾಗೆ ಕೇಳಲ್ಲ. ಸಣ್ಣ ಕಣದ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತೆ. ಮಣ್ಣಿನ ತಳಭಾಗ ಪೂರ್ತಿ ತೊಯ್ದು ತೊಟ್ಟಿಕ್ಕೋವರೆಗೂ ಅದು ಕೆಳಗಿನ ಕಲ್ಲಿಗೆ ಇಳಿಯಲ್ಲ. ಹೀಗಾಗಿ ತೇವದ ಪದರ ಬಟ್ಟಲಿನ ತಳದಲ್ಲಿ ಇರೋ ಬದಲು ಕಲ್ಲಿನ ಮೇಲೆ, ಅಂದ್ರೆ ಬೇರಿಗೆ ಇನ್ನೂ ಹತ್ತಿರ ಬಂದು ಕೂರುತ್ತೆ. ಕಲ್ಲು ಹಾಕಿ ಲಾಭ ಆಗೋ ಬದಲು, ಮಣ್ಣಿಗಿದ್ದ ಜಾಗವೇ ಕಡಿಮೆಯಾಯ್ತು.

ನಂಬಿಕೆ ಬರಲಿಲ್ವಾ? ಪಾತ್ರೆ ತೊಳೆಯೋ ಹೊಸ ಸ್ಪಾಂಜ್ ಒಂದನ್ನು ನೀರಲ್ಲಿ ಅದ್ದಿ, ಅಂಗೈ ಮೇಲೆ ಮಟ್ಟಸವಾಗಿ ಹಿಡಿಯಿರಿ. ತೊಟ್ಟಿಕ್ಕೋದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯೋಕೆ ಶುರುವಾಗುತ್ತೆ! ಎತ್ತರವಾದ ಕುಂಡ ಅಂದ್ರೆ ನಿಲ್ಲಿಸಿದ ಸ್ಪಾಂಜ್. ಅಗಲವಾದ, ಆಳವಿಲ್ಲದ ಬಟ್ಟಲು ಅಂದ್ರೆ ಮಲಗಿಸಿದ ಸ್ಪಾಂಜ್. ನೋಡೋಕೆ ಚೆಂದ ಅಂತ ನಾವು ಆರಿಸೋ ತಟ್ಟೆಯಂಥ ಬಟ್ಟಲೇ ಬೇರಿಗೆ ಹೆಚ್ಚು ಕಷ್ಟ ಕೊಡೋದು. ಅದರ ಮೇಲೆ ತೂತೂ ಇಲ್ಲ ಅಂದ್ರೆ ಕೇಳಬೇಕೇ?

ಇದ್ದಿಲು ಹಾಕಿದರೂ ಅಷ್ಟೆ. ವಾಸನೆ ಸ್ವಲ್ಪ ಕಡಿಮೆಯಾದೀತು, ನೀರೇನೂ ಹೊರಗೆ ಹೋಗಲ್ಲ.

ನೆಡಬಾರದ್ದನ್ನು ಮೊದಲು ತಿಳಿಯಿರಿ

ಅಂಗಡಿಗಳಲ್ಲಿ ಇಂಥ ಪುಟ್ಟ ಬಟ್ಟಲುಗಳಲ್ಲಿ ಹೆಚ್ಚಾಗಿ ಮಾರೋದು ಕಳ್ಳಿ ಜಾತಿಯ ಗಿಡ, ಲೋಳೆಸರ, ಜೇಡ್ ಗಿಡ. ಪಾಪ, ಒಣ ನೆಲದಲ್ಲಿ ಬದುಕಿ ಎಲೆ-ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳೋ ಈ ಗಿಡಗಳಿಗೆ ತೂತಿಲ್ಲದ ಬಟ್ಟಲೇ ದೊಡ್ಡ ಶತ್ರು. ತುಳಸಿ, ಮಲ್ಲಿಗೆ, ಕನಕಾಂಬರ, ಗುಲಾಬಿ, ದಾಸವಾಳ, ಕರಿಬೇವು ಇವಕ್ಕೂ ಬೇಡವೇ ಬೇಡ. ದೇವರ ಮನೆಗೆ ಚೆಂದ ಅಂತ ಹಿತ್ತಾಳೆ ಚೊಂಬಿನಲ್ಲಿ ತುಳಸಿ ನೆಟ್ಟರೆ ಅದು ಬಹಳ ದಿನ ಉಳಿಯಲ್ಲ.

ಒಣ ಜಾತಿಯದ್ದೇ ಬೇಕು ಅನ್ನೋರು ಸ್ನೇಕ್ ಪ್ಲಾಂಟ್ ಅಥವಾ ಜೀಜೀ ಪ್ಲಾಂಟ್ ಪ್ರಯತ್ನಿಸಬಹುದು. ಇವು ಕಡಿಮೆ ಬೆಳಕು, ಕಡಿಮೆ ನೀರು ಎರಡನ್ನೂ ತಡೆದುಕೊಳ್ಳುತ್ತವೆ. ಆದರೆ ಚೊಂಬಿನಲ್ಲಿ ಸುರಿಯೋದಲ್ಲ, ಚಮಚದ ಲೆಕ್ಕದಲ್ಲಿ ನೀರು ಕೊಡಬೇಕು. ಅದೂ ಮಣ್ಣು ತಳದವರೆಗೆ ಒಣಗಿದ ಮೇಲೆ ಮಾತ್ರ.

ನೀರಲ್ಲೇ ನಲಿಯೋ ಗಿಡಗಳು

ನೀರು ಹೊರಗೆ ಹೋಗದ ಬಟ್ಟಲಿಗೆ ನೀರನ್ನೇ ಇಷ್ಟಪಡೋ ಗಿಡ ಹಾಕಿದರೆ? ಜಗಳವೇ ಇಲ್ಲ! ಅದಕ್ಕೆ ತಕ್ಕ ಗಿಡಗಳು ನಮ್ಮ ಕೆರೆ ದಂಡೆ, ಗದ್ದೆ ಬದುಗಳಲ್ಲೇ ಬೇಕಾದಷ್ಟಿವೆ.

ಒಂದೆಲಗ: ತಂಬುಳಿ, ಚಟ್ನಿಗೆ ಬರೋ ಈ ಸೊಪ್ಪು ಯಾವಾಗಲೂ ತೇವ ಇರೋ ಕಡೆ ಹಬ್ಬುತ್ತೆ. ಅಗಲ ಬಟ್ಟಲಿಗೆ ಹೇಳಿ ಮಾಡಿಸಿದ್ದು. ಬಳ್ಳಿಯ ಒಂದು ಗೆಣ್ಣು ನೆಟ್ಟರೆ ಸಾಕು, ಅಂಚಿನಿಂದ ಇಳಿಬಿದ್ದು ಚೆಂದ ಕಾಣುತ್ತೆ. ಅಂದಕ್ಕೂ ಆಯ್ತು, ಅಡುಗೆಗೂ ಆಯ್ತು.

ಬಜೆ: ಎಳೆ ಮಕ್ಕಳಿರೋ ಮನೆಯಲ್ಲಿ ಬಜೆ ಕೊಂಬು ಎಲ್ಲರಿಗೂ ಗೊತ್ತು. ಅದರ ಗಿಡ ನೋಡಿದವರು ಕಡಿಮೆ. ಕತ್ತಿಯಂಥ ಉದ್ದ ಎಲೆ, ಮುಟ್ಟಿದರೆ ಘಮ. ಜೌಗು ನೆಲವೇ ಇದರ ಮನೆ. ಬಟ್ಟಲಿನಲ್ಲಿ ಅಂದಕ್ಕೆ ಬೆಳೆಸಿ. ಮಗುವಿಗೆ ತೇಯ್ದು ಕೊಡೋ ವಿಚಾರ ಮಾತ್ರ ಡಾಕ್ಟರನ್ನು ಕೇಳದೆ ಬೇಡ.

ಮನಿಪ್ಲಾಂಟ್: ದಕ್ಷಿಣ ಪೆಸಿಫಿಕ್ ಸಾಗರದ ಒಂದು ದ್ವೀಪದಿಂದ ಹೊರಟು ಲೋಕವೆಲ್ಲ ಹಬ್ಬಿದ ಬಳ್ಳಿ ಇದು. ಗೆಣ್ಣು ಇರೋ ತುಂಡನ್ನು ಬರೀ ನೀರಲ್ಲಿಟ್ಟರೂ ಬೇರು ಬಿಡುತ್ತೆ. ನೀರಲ್ಲಿ ಬೇರು ಕೊಳೆಯಲ್ವಾ ಅಂತ ಕೇಳಬಹುದು. ನೀರಿನಲ್ಲೇ ಹುಟ್ಟಿದ ಬೇರು ನೀರಿನಲ್ಲಿ ಕರಗಿರೋ ಆಮ್ಲಜನಕಕ್ಕೆ ಹೊಂದಿಕೊಂಡಿರುತ್ತೆ. ಆದ್ದರಿಂದ ವಾರಕ್ಕೊಮ್ಮೆ ನೀರು ಬದಲಾಯಿಸೋದು ಮುಖ್ಯ.

ಲಕ್ಕಿ ಬ್ಯಾಂಬೂ: ಹೆಸರು ಬಿದಿರು, ಅಸಲಿಗೆ ಬಿದಿರೇ ಅಲ್ಲ. ಆಫ್ರಿಕಾ ಮೂಲದ ಡ್ರಸೀನಾ ಜಾತಿ. ಗಾಜಿನ ಬಟ್ಟಲಿನಲ್ಲಿ ಬೆಣಚುಕಲ್ಲು ತುಂಬಿ, ಎರಡು ಇಂಚು ನೀರು ನಿಲ್ಲಿಸಿದರೆ ಸಾಕು. ನೇರ ಬಿಸಿಲು ಬೇಡ.

ಅಂತರಗಂಗೆ: ಹಸಿರು ಗುಲಾಬಿ ತೇಲಿಬಿಟ್ಟ ಹಾಗೆ ಕಾಣೋ ಗಿಡ. ಮಣ್ಣೂ ಬೇಡ. ಆದರೆ ಬೇಗ ಮರಿ ಹಾಕುತ್ತೆ. ಹೆಚ್ಚಾದದ್ದನ್ನು ತೆಗೆದು ತಿಪ್ಪೆಗೆ ಹಾಕಿ, ಕೆರೆಗೆ ಮಾತ್ರ ಎಸೆಯಬೇಡಿ. ನೀಲಿ ಹೂ ಬಿಡೋ ನೀರು ಹಯಸಿಂತ್ ಕೂಡ ಹಾಗೇ. ಅಂದಕ್ಕೆ ಅಂತ ದಕ್ಷಿಣ ಅಮೆರಿಕದಿಂದ ತಂದ ಆ ಗಿಡ ಬೆಂಗಳೂರಿನ ಕೆರೆಗಳನ್ನು ಹೇಗೆ ಮುಚ್ಚಿಹಾಕಿದೆ ಅನ್ನೋದು ನಿಮಗೇ ಗೊತ್ತು.

ತಾವರೆ: ನಮ್ಮ ರಾಜ್ಯದ ಹೂವು. ತಾವರೆಗೆ ತೂತಿಲ್ಲದ ಪಾತ್ರೆಯೇ ಬೇಕು. ಒಂದೂವರೆ ಅಡಿ ಅಗಲದ ಬಾನಿ ಇದ್ದರೆ ಸಾಕು. ಅಂಗಡಿಯ ಮಣ್ಣಿಗಿಂತ ಕೆರೆಗೋಡು ಒಳ್ಳೆಯದು. ಬೀಜದ ಮೊಂಡು ತುದಿಯನ್ನು ಕಲ್ಲಿಗೆ ಉಜ್ಜಿ, ಕಪ್ಪು ಸಿಪ್ಪೆ ಸವೆದು ಬಿಳಿ ಕಾಣೋವರೆಗೆ ತೇಯ್ದು ನೀರಲ್ಲಿ ಹಾಕಿ. ಒಂದು ವಾರದೊಳಗೆ ಮೊಳಕೆ ಬರುತ್ತೆ. ಆ ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ, ಚೀನಾದ ಒಣಗಿದ ಕೆರೆಯೊಂದರಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ತಾವರೆ ಬೀಜವನ್ನು ವಿಜ್ಞಾನಿಗಳು ಮೊಳೆಸಿದ್ದಾರೆ! ಆದರೆ ದಿನಕ್ಕೆ ಐದಾರು ಗಂಟೆ ಬಿಸಿಲು ಇಲ್ಲದಿದ್ದರೆ ಎಲೆ ಬಂದೀತು, ಹೂವು ಬರಲ್ಲ.

ಹಿತ್ತಲಿನ ಒರಳಿಗೂ ಜೀವ ಬರಲಿ

ಬಟ್ಟಲು ಕೊಳ್ಳಲು ಅಂಗಡಿಗೇ ಹೋಗಬೇಕೆಂದಿಲ್ಲ. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಹಿತ್ತಲು ಸೇರಿದ ಒರಳುಕಲ್ಲು ನಮ್ಮ ಕಡೆ ಹಳೇ ಮನೆಗಳಲ್ಲಿ ಇನ್ನೂ ಇದೆ. ದನಗಳಿಗೆ ಕಲಗಚ್ಚು ಸುರಿಯುತ್ತಿದ್ದ ಕಲ್ಲುಬಾನಿಯೂ ಹಾಗೇ ಮೂಲೆಯಲ್ಲಿ ಬಿದ್ದಿರುತ್ತೆ. ಇದಕ್ಕಿಂತ ಅಂದದ ತೂತಿಲ್ಲದ ಬಟ್ಟಲು ಎಲ್ಲಿ ಸಿಗುತ್ತೆ ಹೇಳಿ? ಬಿರುಕು ಬಿಡಲ್ಲ, ಬೀಳಲ್ಲ, ನೀರು ಬೇಗ ಬಿಸಿಯಾಗಲ್ಲ.

ಒರಳಿನ ಗುಂಡಿಗೆ ಒಂದೆರಡು ಅಂತರಗಂಗೆ ಬಿಡಿ, ಇಲ್ಲವೇ ಅರ್ಧದಷ್ಟು ಮಣ್ಣು ತುಂಬಿ ಬಜೆ ನೆಡಿ. ಅಗಲವಾದ ಕಲ್ಲುಬಾನಿಯಾದರೆ ನೈದಿಲೆ, ತಾವರೆ, ಸುತ್ತ ಒಂದೆಲಗ. ಹಿರಿಯರಿರೋ ಮನೆಯಲ್ಲಿ ಒರಳಿಗೆ ಪೂಜೆ, ಮದುವೆಯಲ್ಲಿ ಅರಿಶಿನ ಕುಟ್ಟೋ ಶಾಸ್ತ್ರ ಇರುತ್ತೆ. ಅತ್ತೆಯವರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ. ಬೇಡ ಅಂದ್ರೆ ಬೇಡ. ತಾಜಾ ನೀರಿನಲ್ಲಿ ಚೆಂಡುಹೂ ತೇಲಿಬಿಟ್ಟರೂ ಅದು ಲಕ್ಷಣವಾಗೇ ಕಾಣುತ್ತೆ.

ಹತ್ತು ದಿನದ ಬೆಳೆ

ಬೇರು ಕೊಳೆಯೋದಕ್ಕೆ ಮುಂಚೆಯೇ ಕೊಯ್ದುಬಿಟ್ಟರೆ? ಇದೊಂದು ಜಾಣ ಉಪಾಯ, ಮತ್ತು ನಮಗೆ ಹೊಸದೇನಲ್ಲ. ಮದುವೆ ಮನೆಯಲ್ಲಿ ಅಂಕುರಾರ್ಪಣೆಗೆ ಪುಟ್ಟ ಪಾಲಿಕೆಗಳಲ್ಲಿ ನವಧಾನ್ಯ ಬಿತ್ತೋದು, ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟದ ಸುತ್ತ ಮಣ್ಣಿನಲ್ಲಿ ಧಾನ್ಯ ಮೊಳೆಸೋದು, ಎಲ್ಲ ಇದೇ ಲೆಕ್ಕ. ಒಂಬತ್ತು ಹತ್ತು ದಿನದ ಪೈರಿಗೆ ತೂತು ಇದ್ದರೇನು, ಇಲ್ಲದಿದ್ದರೇನು?

ಮೆಂತ್ಯವನ್ನು ರಾತ್ರಿ ನೆನೆಹಾಕಿ, ಬಟ್ಟಲಿನಲ್ಲಿ ಎರಡು ಇಂಚು ಮಣ್ಣು ಹರಡಿ ಒತ್ತಾಗಿ ಬಿತ್ತಿ. ಕೈಯಿಂದ ನೀರು ಚಿಮುಕಿಸಿ, ಸುರಿಯಬೇಡಿ. ಎರಡು ವಾರದೊಳಗೆ ಸಾರಿಗೆ, ರೊಟ್ಟಿಗೆ ಎಳೇ ಸೊಪ್ಪು ಸಿಕ್ಕಿಬಿಡುತ್ತೆ. ಸಾಸಿವೆಯೂ ಹೀಗೇ ಬರುತ್ತೆ. ರಾಗಿ ಬಿತ್ತಿದರೆ ಒಂದು ವಾರದಲ್ಲಿ ಹಸಿರು ರತ್ನಗಂಬಳಿ ಹಾಸಿದಂತೆ ಪೈರು. ನಡುವೆ ಒಂದು ದೀಪ ಇಟ್ಟರೆ ಹಬ್ಬದ ದಿನ ಬಂದ ನೆಂಟರೆಲ್ಲ 'ಇದೇನಮ್ಮ ಇದು' ಅಂತ ಕೇಳೋದು ಖಂಡಿತ. ಕೊಯ್ದ ಮೇಲೆ ಮಣ್ಣನ್ನು ಬಿಸಿಲಿಗೆ ಒಣಗಿಸಿ ಮತ್ತೆ ಬಿತ್ತಿ.

ಗಾಜಿನ ಬಟ್ಟಲಲ್ಲಿ ಪುಟ್ಟ ಕಾಡು

ಮುಚ್ಚಳವಿರೋ ಗಾಜಿನ ಜಾಡಿ ಇದ್ದರೆ ಅದರೊಳಗೆ ಪಾಚಿ, ಸಣ್ಣ ಜರೀಗಿಡ ಬೆಳೆಸಬಹುದು. ಇದರ ಹಿಂದೆ ಒಂದು ಸ್ವಾರಸ್ಯವಿದೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಪತಂಗದ ಗೂಡೊಂದನ್ನು ಒದ್ದೆ ಮಣ್ಣಿನ ಜೊತೆ ಸೀಸೆಯಲ್ಲಿ ಮುಚ್ಚಿಟ್ಟಿದ್ದ. ಅದರೊಳಗೆ ತಾನಾಗಿಯೇ ಜರೀಗಿಡ ಚಿಗುರಿತು! ಗಿಡ ಬಿಟ್ಟ ತೇವ ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಅವನು ಮಾಡಿಸಿದ ಗಾಜಿನ ಪೆಟ್ಟಿಗೆಗಳಲ್ಲೇ ಮುಂದೆ ಚೀನಾದ ಚಹಾ ಸಸಿಗಳು ಹಡಗು ಹತ್ತಿ ಭಾರತಕ್ಕೆ ಬಂದವು.

ಒಮ್ಮೆ ಮಣ್ಣು ತೇವ ಮಾಡಿ ಮುಚ್ಚಿದರೆ ವಾರಗಟ್ಟಲೆ ನೀರು ಬೇಡ. ಗಾಜು ಇಡೀ ದಿನ ಮಂಜು ಕವಿದಂತಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಮುಚ್ಚಳ ತೆಗೆದು ಅರ್ಧ ದಿನ ಆರಲು ಬಿಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಒಳಗಿರೋದು ಬೆಂದುಹೋಗುತ್ತೆ.

ಬಟ್ಟಲೊಳಗೊಂದು ಕುಂಡ

ಇಷ್ಟೆಲ್ಲ ರಗಳೆ ಬೇಡ, ನನಗೆ ಇಷ್ಟದ ಹೂವಿನ ಗಿಡವೇ ಬೇಕು ಅನ್ನುವವರಿಗೆ ಸುಲಭ ದಾರಿಯೊಂದಿದೆ. ತಳದಲ್ಲಿ ತೂತಿರೋ ಸಾದಾ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು, ಅದನ್ನು ಅಂದದ ಬಟ್ಟಲೊಳಗೆ ಇಟ್ಟುಬಿಡಿ. ಅಡಿಯಲ್ಲಿ ಎರಡು ಚಪ್ಪಟೆ ಕಲ್ಲಿಟ್ಟರೆ ಕುಂಡದ ತಳ ನೀರಲ್ಲಿ ನೆನೆಯಲ್ಲ. ನೀರು ಹಾಕುವಾಗ ಕುಂಡ ಹೊರತೆಗೆದು, ಬಸಿದ ಮೇಲೆ ಒಳಗಿಡಿ. ಹಿತ್ತಾಳೆ, ತಾಮ್ರದ ಪಾತ್ರೆಗಂತೂ ಇದೇ ಸರಿ. ತಾಮ್ರದ ಅಂಶ ಹೆಚ್ಚಾದರೆ ಬೇರಿಗೂ ಒಳ್ಳೆಯದಲ್ಲ, ನೀರಿಗೆ ಬಿಟ್ಟ ಮೀನಿಗಂತೂ ವಿಷ.

ತೂತು ಕೊರೆಸೋದಾದರೆ ಮಣ್ಣಿನ ಅಥವಾ ಪಿಂಗಾಣಿ ಬಟ್ಟಲಿಗೆ ಟೈಲ್ಸ್ ಕೊರೆಯೋ ಬಿಟ್ ಬೇಕು. ಕೊರೆಯೋ ಜಾಗಕ್ಕೆ ಟೇಪ್ ಅಂಟಿಸಿ, ನೀರು ಹನಿಸುತ್ತಾ ನಿಧಾನವಾಗಿ ಕೊರೆಯಬೇಕು. ಟೈಲ್ಸ್ ಕೆಲಸದವರು ಬಂದಾಗ ಕೇಳಿದರೆ ಐದು ನಿಮಿಷದ ಕೆಲಸ. ಗಾಜಿನ ಬಟ್ಟಲಿನ ತಂಟೆಗೆ ಮಾತ್ರ ಹೋಗಬೇಡಿ.

ನೀರಿನ ಅಳತೆ ಹೀಗೆ

ಮಣ್ಣು ತುಂಬೋ ಮುಂಚೆ ಬಟ್ಟಲಿಗೆ ಎಷ್ಟು ಲೋಟ ನೀರು ಹಿಡಿಯುತ್ತೆ ಅಂತ ಅಳೆದುಕೊಳ್ಳಿ. ಮೂರು ಲೀಟರ್ ಹಿಡಿದರೆ, ಮಣ್ಣು ತುಂಬಿದ ಮೇಲೆ ಮೊದಲ ಸಲ ಮುಕ್ಕಾಲು ಲೀಟರ್ ದಾಟಬಾರದು. ಜೌಗು ಗಿಡಗಳಿಗೆ ಈ ಲೆಕ್ಕ ಬೇಡ.

ತೇವ ನೋಡೋಕೆ ತೆಂಗಿನ ಪೊರಕೆ ಕಡ್ಡಿಗಿಂತ ಒಳ್ಳೆಯ ಯಂತ್ರ ಇಲ್ಲ. ತಳದವರೆಗೆ ಚುಚ್ಚಿ ತೆಗೆಯಿರಿ. ಕಡ್ಡಿ ಒದ್ದೆಯಾಗಿ ಮಣ್ಣು ಅಂಟಿದ್ದರೆ ನೀರು ಬೇಡ. ಮೇಲ್ಮಣ್ಣು ಒಣಗಿದೆ ಅಂತ ಮೋಸಹೋಗಬೇಡಿ, ತಳದಲ್ಲಿ ಕೊಳವೇ ಇರಬಹುದು.

ಇನ್ನೊಂದು ವಿಷಯ. ಬೋರ್‌ವೆಲ್ ನೀರು ಗಡಸಾಗಿದ್ದರೆ, ಕಾಯಿಸೋ ಪಾತ್ರೆಯಲ್ಲಿ ಬಿಳಿ ಹಕ್ಕಳೆ ಕಟ್ಟುತ್ತಲ್ಲ, ಅದೇ ಉಪ್ಪು ತೂತಿಲ್ಲದ ಬಟ್ಟಲಿನಲ್ಲೂ ಕೂಡಿಕೊಳ್ಳುತ್ತೆ. ತೊಳೆದುಹೋಗಲು ದಾರಿಯೇ ಇಲ್ಲ. ಎಲೆಯ ತುದಿ ಸುಟ್ಟಂತಾದರೆ, ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಇದೇ ಕಾರಣ. ಮಳೆ ಬಂದಾಗ ಹಿಡಿದಿಟ್ಟ ನೀರು ಇಂಥ ಬಟ್ಟಲಿಗೆ ಅಮೃತ. ಶುದ್ಧ ನೀರಿನ ಯಂತ್ರದಿಂದ ಹೊರಹೋಗೋ ವ್ಯರ್ಥ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ, ಅದು ಬೇಡ. ವರ್ಷಕ್ಕೊಮ್ಮೆ ಮಣ್ಣು ಬದಲಿಸಿ. ಗೊಬ್ಬರವೂ ಚಿಟಿಕೆಯಷ್ಟೇ.

ಅಂದದ ಬಟ್ಟಲು ಸೊಳ್ಳೆ ಮನೆಯಾಗದಿರಲಿ

ಇದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡೆಂಗಿ ಹರಡೋ ಈಡಿಸ್ ಸೊಳ್ಳೆ ಚರಂಡಿಗಿಂತ ಮನೆಯ ಒಳಗೆ ಹೊರಗೆ ನಿಂತ ತಿಳಿನೀರನ್ನೇ ಇಷ್ಟಪಡುತ್ತೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮನಿಪ್ಲಾಂಟ್ ಬಾಟಲಿ, ಲಕ್ಕಿ ಬ್ಯಾಂಬೂ ಬಟ್ಟಲು, ಹಿತ್ತಲಿನ ಒರಳು, ಕುಂಡದ ಕೆಳಗಿನ ತಟ್ಟೆ, ಯಾವುದಾದರೂ ಅದಕ್ಕೆ ಸಾಕು. ನೀರು ಚೆಲ್ಲಿದ ಮಾತ್ರಕ್ಕೆ ಮುಗಿಯಲ್ಲ. ಅದರ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ಮತ್ತೆ ನೀರು ತುಂಬಿದ ಕೂಡಲೇ ಮರಿಯಾಗುತ್ತೆ. ಅದಕ್ಕೇ ವಾರಕ್ಕೊಮ್ಮೆ ಒಳಗೋಡೆಯನ್ನು ನಾರಿನಿಂದ ಉಜ್ಜಿ ತೊಳೆಯಲೇಬೇಕು.

ತಾವರೆ ಬಾನಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲೋಕಾಗಲ್ಲ ಅನ್ನೋರು ಮೂರ್ನಾಲ್ಕು ಗಪ್ಪಿ ಮೀನು ಬಿಡಿ. ಸೊಳ್ಳೆಮರಿಗಳನ್ನು ಅವು ತಿಂದುಹಾಕುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ ನೋಡಿ. ನಮ್ಮ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡದ ನಿಯಮ ತಂದಿತು. ದಂಡದ ಮಾತು ಹಾಗಿರಲಿ. ಜ್ವರ ಬಂದ ಮಗುವಿನ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಆಸ್ಪತ್ರೆಯಲ್ಲಿ ಕಾದು ಕೂತ ತಾಯಂದಿರಿಗೆ ಗೊತ್ತು, ಒಂದು ಬಟ್ಟಲು ನೀರಿನ ಬೆಲೆ ಎಷ್ಟು ಅಂತ.

ಪುಟ್ಟ ಮಕ್ಕಳಿರೋ ಮನೆಯಲ್ಲಿ ಇನ್ನೊಂದು ಎಚ್ಚರ. ಮನಿಪ್ಲಾಂಟ್, ಡೈಫೆನ್‌ಬೇಕಿಯಾ ಎಲೆ ಕಚ್ಚಿದರೆ ಕೆಸುವಿನ ಎಲೆಯಂತೆ, ಅದಕ್ಕಿಂತ ಜೋರಾಗಿ ಬಾಯಿ ಉರಿಯುತ್ತೆ. ಕೈಗೆಟುಕದಂತೆ ಇಡಿ. ನೀರು ತುಂಬಿದ ಬಾನಿಯ ಹತ್ತಿರವೂ ತೆವಳೋ ಮಗುವನ್ನು ಒಂಟಿಯಾಗಿ ಬಿಡಬೇಡಿ.

ನೆನಪಿರಲಿ

* ಮೊದಲು ಬಟ್ಟಲು ನೋಡಿ, ಆಮೇಲೆ ಗಿಡ ಆರಿಸಿ. ಆಳವಿಲ್ಲದ್ದಕ್ಕೆ ಒಂದೆಲಗ, ಮೆಂತ್ಯ. ಆಳವಿರೋದಕ್ಕೆ ಬಜೆ, ತಾವರೆ. ಗಾಜಿನದ್ದಕ್ಕೆ ಲಕ್ಕಿ ಬ್ಯಾಂಬೂ. ಹಿತ್ತಾಳೆಗೆ ಒಳಕುಂಡ.

* ಒಂದೇ ಬಟ್ಟಲಲ್ಲಿ ಒಣ ಜಾತಿ, ನೀರು ಜಾತಿ ಎರಡನ್ನೂ ಸೇರಿಸಬೇಡಿ.

* ಎರೆಮಣ್ಣು, ತೆಂಗಿನ ನಾರಿನ ಪುಡಿ ಹೆಚ್ಚು ನೀರು ಹಿಡಿಯುತ್ತವೆ. ಸ್ನೇಕ್ ಪ್ಲಾಂಟಿನಂಥ ಗಿಡಕ್ಕೆ ಕೆಮ್ಮಣ್ಣಿನ ಜೊತೆ ಅರ್ಧದಷ್ಟು ದಪ್ಪ ಮರಳು ಬೆರೆಸಿ.

* ಮಣ್ಣಿನ ಬಟ್ಟಲುಗಳನ್ನು ಮಳೆಗೆ ಇಡಬೇಡಿ. ನೆನೆದರೆ ಅಂಗೈಯಿಂದ ಮಣ್ಣನ್ನು ತಡೆದುಕೊಂಡು ಓರೆ ಮಾಡಿ ನೀರು ಬಸಿಯಿರಿ.

* ಎಲೆ ಹಳದಿಯಾದರೆ ನೀರಿನ ಚೊಂಬಿಗಿಂತ ಮುಂಚೆ ಪೊರಕೆ ಕಡ್ಡಿ ಹಿಡಿಯಿರಿ.

* ಬೇರು ಕೊಳೆತಿದ್ದರೆ ಗಿಡ ಎತ್ತಿ, ಕಪ್ಪಾದ ಬೇರು ಕತ್ತರಿಸಿ, ಒಂದು ದಿನ ನೆರಳಲ್ಲಿ ಆರಿಸಿ, ಒಣ ಮಣ್ಣಿರುವ ತೂತಿನ ಕುಂಡಕ್ಕೆ ನೆಡಿ. ಲೋಳೆಸರ, ಸ್ನೇಕ್ ಪ್ಲಾಂಟಿನಂಥ ಗಟ್ಟಿ ಗಿಡ ಎಷ್ಟೋ ಸಲ ಚಿಗುರಿಕೊಳ್ಳುತ್ತೆ.

* ಬಟ್ಟಲಿನಲ್ಲಿ ಗಿಡ ಹಾಕಿ ಉಡುಗೊರೆ ಕೊಡುವವರು ನೀರಿನ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೇ ಕೊಡಿ. ಆ ಮನೆಯ ಹೆಣ್ಣುಮಗಳಿಗೆ 'ಕೈಗುಣ'ದ ಮಾತು ಕೇಳೋದು ತಪ್ಪುತ್ತೆ.